ಲೇಬಲ್ ಪೆಟ್ಟಿಗೆಯ ಮೇಲೆ ಕೂತದ್ದು

ಡ್ರಮ್ಮು ಬಂದದ್ದು 2015ರ ಮೇ ತಿಂಗಳಲ್ಲಿ. ರಂಜಾನ್ ಹತ್ತಿರ ಬಂದಿತ್ತು. ಆ ಹೊತ್ತಿಗೆ ನಮ್ಮ ತುಪ್ಪದ ಶೆಡ್ಡಿನಲ್ಲಿ ಬೆನ್ನು ನೇರ ಮಾಡಲೂ ಪುರುಸೊತ್ತು ಇರುವುದಿಲ್ಲ. ಪಿಕಪ್ಪಿನವನು ದೊಡ್ಡದೊಂದು ಕಬ್ಬಿಣದ ಡ್ರಮ್ಮನ್ನು ಬಾಗಿಲಲ್ಲಿ ಉರುಳಿಸಿ ನಿಲ್ಲಿಸಿದ. ನಾನು ಡೀಸೆಲ್ ಎಂದುಕೊಂಡೆ.

"ಏ, ಇಲ್ಲಿ ಇಡ್ಬೇಡ, ಒಳಗೆ ಬೆಂಕಿ ಉಂಟು," ಎಂದೆ.

"ಡೀಸೆಲ್ ಅಲ್ಲ ಬಾಯಮ್ಮ, ತುಪ್ಪ," ಎಂದು ಅವನು ನಕ್ಕ.

ತುಪ್ಪ ಕಾಯಿಸುವವಳು ನಾನು. ನನಗೇ ಯಾರೋ ಡ್ರಮ್ಮಿನಲ್ಲಿ ತುಪ್ಪ ಕಳಿಸಿದ್ದಾರೆ ಎಂದರೆ ಏನು ಅರ್ಥ? ನನ್ನ ಒಲೆಗೆ ಕುತ್ತು ಬಂತು ಎಂದು ಆ ಕ್ಷಣದಲ್ಲೇ ಗೊತ್ತಾಯಿತು.

ನಮ್ಮ ಶೆಡ್ಡು ಇದ್ದದ್ದು ದುಬೈಯ ಮುಹೈಸ್ನಾದಲ್ಲಿ, ಲೇಬರ್ ಕ್ಯಾಂಪುಗಳ ಹಿಂದೆ. ಎರಡು ದೊಡ್ಡ ಒಲೆ, ಎರಡು ದೊಡ್ಡ ಪಾತ್ರೆ, ಒಂದು ಕೋಲ್ಡ್ ರೂಮು. ಕೆಲಸಕ್ಕೆ ನಾನು ಮತ್ತು ನೇಪಾಳದ ಒಬ್ಬ ಹೆಂಗಸು. ಪೆಟ್ಟಿಗೆಯಲ್ಲಿ ಬರುವ ಬೆಣ್ಣೆಯನ್ನು ಕಾಯಿಸಿ, ಸೋಸಿ, ಬಾಟಲಿಗೆ ತುಂಬಿಸಿ ಲೇಬಲ್ ಅಂಟಿಸುವುದು. ಲೇಬಲ್ ಮೇಲೆ ಒಂದು ದನ, ಅದರ ಕೆಳಗೆ ನಾಲ್ಕು ಭಾಷೆಯಲ್ಲಿ 'ಕಾಯಿಸಿದ ತುಪ್ಪ' ಎಂದು ಇತ್ತು. ನನಗೆ ಓದಲು ಬರುವುದು ಕನ್ನಡ ಮಾತ್ರ, ಅದೂ ಅಕ್ಷರ ಅಕ್ಷರ ಹಿಡಿದು. ಆದರೆ ಆ ಎರಡು ಶಬ್ದ ನಾನು ದೂರದಿಂದಲೇ ಓದುತ್ತಿದ್ದೆ. ಆ ಬಾಟಲಿ ಅಬುಧಾಬಿಯ ನಮ್ಮ ಊರಿನವರ ಹೋಟೆಲುಗಳಿಗೂ ಅಲ್ ಐನಿನ ಅಂಗಡಿಗಳಿಗೂ ಹೋಗುತ್ತಿತ್ತು.

ಧಣಿಗಳು ಉಳ್ಳಾಲದ ಕಡೆಯ ಬ್ಯಾರಿ. ದೇರಾದಲ್ಲಿ ಅವರ ಆಫೀಸು. ಎಲ್ಲರೂ ಹಾಜಿಯವರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮಧ್ಯಾಹ್ನದ ನಮಾಜು ಮುಗಿಸಿ ಅವರು ಶೆಡ್ಡಿಗೆ ಬಂದರು.

"ಇದು ಎಂತ ಹಾಜಿಯವರೇ?"

"ಬಟರ್ ಆಯಿಲ್. ಹಾಲೆಂಡಿನದ್ದು. ಬೆಣ್ಣೆಯಿಂದ ನೀರು, ಹಾಲಿನ ಅಂಶ ಎಲ್ಲ ಅಲ್ಲಿಯೇ ಮಿಷನ್ನಿನಲ್ಲಿ ತೆಗೀತಾರೆ. ನಾವು ಸ್ವಲ್ಪ ಬೆಚ್ಚಗೆ ಮಾಡಿ ತುಂಬಿಸುದು. ಖಲಾಸ್."

"ಮತ್ತೆ ನಾವು?"

ಅವರು ಒಲೆಯ ಕಡೆ ನೋಡಿದರೇ ಹೊರತು ನನ್ನ ಕಡೆ ನೋಡಲಿಲ್ಲ. "ನಿಮಗೂ ಪ್ರಾಯ ಆಯ್ತಲ್ಲ ಬಾಯಮ್ಮ. ಬೆಂಕಿಯ ಎದುರು ಎಷ್ಟು ಕಾಲ ನಿಲ್ಲುದು? ರಂಜಾನ್ ಮುಗಿಲಿ, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತೇನೆ. ಟಿಕೆಟು ನನ್ನ ಲೆಕ್ಕದಲ್ಲಿ."

"ಟಿಕೆಟು ನಾನು ಕೇಳಿದ್ನಾ?"

ನಾನು ಡ್ರಮ್ಮಿನ ಮುಚ್ಚಳ ತೆಗೆಸಿ ಬೆರಳು ಹಾಕಿ ನೆಕ್ಕಿದೆ. ಕೆಟ್ಟದ್ದಿರಲಿಲ್ಲ. ಒಳ್ಳೆಯದೂ ಇರಲಿಲ್ಲ. ಜಿಡ್ಡು ಇತ್ತು, ಅಷ್ಟೇ. ಪರಿಮಳ ಇಲ್ಲ, ಹರಳು ಇಲ್ಲ. ಇದನ್ನು ದನದ ಚಿತ್ರದ ಲೇಬಲ್ಲಿನಲ್ಲಿ ತುಂಬಿಸುತ್ತೀರಾ ಎಂದು ಕೇಳಿದೆ. ಮತ್ತೆ ಯಾವುದರಲ್ಲಿ ಎಂದರು.

"ಅದರಲ್ಲಿ ಕಾಯಿಸಿದ್ದು ಅಂತ ಬರ್ದುಂಟು. ಇದನ್ನು ಯಾರು ಕಾಯಿಸಿದ್ದು?"

"ಮಿಷನ್ನು ಕಾಯಿಸಿದೆ ಅಂತ ತಿಳ್ಕೊಳ್ಳಿ ಮಾರಾಯ್ತಿ."

"ನಾನು ತಿಳ್ಕೊಳ್ಳುದಿಲ್ಲ. ನಾನು ತುಂಬಿಸುದೂ ಇಲ್ಲ."

ಹಾಜಿಯವರು ಕೆಟ್ಟ ಮನುಷ್ಯ ಅಲ್ಲ. ವ್ಯಾಪಾರಿ. ಸ್ಟೂಲಿನ ಮೇಲೆ ಕೂತು ನನಗೆ ವಿಷಯ ಬಿಡಿಸಿ ಹೇಳಿದರು. ಯುರೋಪಿನಲ್ಲಿ ಒಬ್ಬ ರೈತ ಇಂತಿಷ್ಟೇ ಹಾಲು ಮಾರಬೇಕು ಎಂದು ಸರ್ಕಾರದ ಮಿತಿ ಇತ್ತಂತೆ. ಮಿತಿ ದಾಟಿದರೆ ದಂಡ. ಆ ಏಪ್ರಿಲಿನಲ್ಲಿ ಅದನ್ನು ತೆಗೆದುಹಾಕಿದರು. ಎಲ್ಲರೂ ಹಾಲು ಕರೆದದ್ದೇ ಕರೆದದ್ದು. ಅದಕ್ಕೆ ಸರಿಯಾಗಿ ರಷ್ಯಾದವರು ಹಿಂದಿನ ವರ್ಷವೇ ಏನೋ ಜಗಳ ಮಾಡಿ ಯುರೋಪಿನ ಬೆಣ್ಣೆ, ಚೀಸು ಬೇಡ ಎಂದು ಬಾಗಿಲು ಹಾಕಿದ್ದರು. ಅಲ್ಲಿಗೆ ಹೋಗಬೇಕಾದದ್ದು ಈಗ ಹಡಗು ಹತ್ತಿ ಇಲ್ಲಿಗೆ ಬರುತ್ತದೆ. ರೇಟು ಬಿದ್ದುಹೋಗಿದೆ.

"ಅವರವರ ಜಗಳಕ್ಕೆ ನನ್ನ ಬೆಂಕಿ ನಂದಿಸುದಾ?" ಎಂದೆ.

"ನಾನು ನಂದಿಸದಿದ್ರೆ ಪಕ್ಕದ ಮಲಬಾರಿಯವನು ಡ್ರಮ್ಮು ತರಿಸ್ತಾನೆ. ನನ್ನ ಗಿರಾಕಿಗಳನ್ನೆಲ್ಲ ಎಳ್ಕೊಂಡು ಹೋಗ್ತಾನೆ. ಆಗ ಬೆಂಕಿಯೂ ಇಲ್ಲ, ಅಂಗಡಿಯೂ ಇಲ್ಲ. ಡ್ರಮ್ಮಿನ ರೇಟಿಗೆ ಹತ್ತಿರ ಬರುವ ಬೆಣ್ಣೆ ಎಲ್ಲಿಯಾದ್ರೂ ಸಿಕ್ಕಿದ್ರೆ ಹೇಳಿ, ಒಲೆ ಇರ್ಲಿ. ರಂಜಾನಿನೊಳಗೆ."

ಹುಡುಕೋಣ ಎಂದೆ. ಅವರು ತಮಾಷೆಗೆ ಹೇಳಿದ್ದಿರಬೇಕು. ನಾನು ತಮಾಷೆ ಮಾಡಲಿಲ್ಲ.

ಅಷ್ಟು ವರ್ಷ ನಾವು ಕಾಯಿಸುತ್ತಿದ್ದದ್ದು ನ್ಯೂಜಿಲೆಂಡಿನ ಬೆಣ್ಣೆ. ಅರಿಶಿನದಷ್ಟು ಹಳದಿ, ಸಿಹಿ ವಾಸನೆ. ಐದು ಪೆಟ್ಟಿಗೆ ಕಾಯಿಸಿದರೆ ನಾಲ್ಕು ಪೆಟ್ಟಿಗೆಯಷ್ಟು ತುಪ್ಪ ಬರುತ್ತದೆ, ಉಳಿದದ್ದು ಹಬೆ ಮತ್ತು ತಳದ ಗಷ್ಟು. ಡ್ರಮ್ಮಿನಲ್ಲಿ ಅಂಥ ನಷ್ಟವೇ ಇಲ್ಲ. ನಾನು ಮೊದಲು ಆ ದೇಶದ ಸೇಲ್ಸಿನವನನ್ನು ಕರೆಸಲು ಹೇಳಿದೆ. ಬಿಸಿಲಿಗೆ ಕೆಂಪಾದ ಮುಖದ, ಒಳ್ಳೆಯ ಮನುಷ್ಯ. ಹಾಜಿಯವರು ಮಧ್ಯೆ ನಿಂತು ಅವನ ಇಂಗ್ಲಿಷು ನನಗೂ ನನ್ನ ಮಾತು ಅವನಿಗೂ ದಾಟಿಸಿದರು.

ರೇಟು ಇಳಿಸು ಎಂದೆ. ರೇಟು ತನ್ನ ಕೈಯಲ್ಲಿ ಇಲ್ಲ, ಏಲಂನಲ್ಲಿ ನಿಶ್ಚಯ ಆಗುತ್ತದೆ ಎಂದ. ನಮ್ಮ ಬಂದರಿನ ಮೀನಿನ ದಕ್ಕೆಯಲ್ಲೂ ಏಲಂ, ಅಲ್ಲಿಯೂ ಹೊತ್ತು ಏರಿದ ಮೇಲೆ ಬಂಗುಡೆಗೆ ರೇಟು ಇಳಿಯುತ್ತದೆ ಎಂದೆ. ಅವನಿಗೆ ಸಿಟ್ಟು ಬಂತು, ಆದರೆ ನನ್ನ ಮೇಲಲ್ಲ.

"ನಮ್ಮ ರೈತರಿಗೆ ಸರ್ಕಾರ ಎಲ್ಲ ಸಹಾಯ ನಿಲ್ಲಿಸಿ ನನ್ನ ಅಪ್ಪನ ಕಾಲ ಆಯ್ತು. ನಮ್ಮ ಕಾಲ ಮೇಲೆ ನಾವು ನಿಂತಿದ್ದೇವೆ. ಯುರೋಪಿನವರು ಇಡೀ ಲೋಕಕ್ಕೆ ಬಾಗಿಲು ತೆರೆಯಿರಿ ಅಂತಾರೆ. ಅವರ ಬಾಗಿಲಲ್ಲಿ ನಮ್ಮ ಬೆಣ್ಣೆಗೆ ಒಂದು ಸಣ್ಣ ಕಿಂಡಿ ಮಾತ್ರ. ಅದರ ಆಚೆ ಒಂದು ಪೆಟ್ಟಿಗೆ ಹೋದರೂ ಸುಂಕ ಕೊಟ್ಟು ಮುಗಿಯುವುದಿಲ್ಲ," ಎಂದ.

"ನನ್ನ ದೇಶಕ್ಕೆ?" ಎಂದು ಕೇಳಿದೆ.

"ನಿಮ್ಮವರೂ ಅಷ್ಟೇ," ಎಂದ. "ಭಾರೀ ಸುಂಕ."

"ಅದು ಒಳ್ಳೆದಾಯ್ತು," ಎಂದೆ. ಹಾಜಿಯವರು ಅದನ್ನು ಅವನಿಗೆ ದಾಟಿಸಲಿಲ್ಲ.

ರೇಟು ಇಳಿಯಲಿಲ್ಲ. ಮತ್ತೆ ನಾನು, ಡ್ರಮ್ಮು ಕಳಿಸಿದವರನ್ನೇ ಕರೆಯಿರಿ, ಅವರ ಹತ್ತಿರ ಬೆಣ್ಣೆಯೂ ಇರಲೇಬೇಕಲ್ಲ ಎಂದೆ. ಮಾರನೇ ವಾರ ಹಾಲೆಂಡಿನ ಹೆಂಗಸು ಬಂದಳು. ಎತ್ತರದ ಆಳು, ತಾನೇ ಕಾರು ಓಡಿಸಿಕೊಂಡು, ಹಿಂದಿನ ಸೀಟಿನಲ್ಲಿ ಬೆಣ್ಣೆಯ ಪೆಟ್ಟಿಗೆಗಳನ್ನು ಇಟ್ಟುಕೊಂಡು ಬಂದಿದ್ದಳು. ಅವರ ಕೋಲ್ಡ್ ಸ್ಟೋರುಗಳಲ್ಲಿ ಬೆಣ್ಣೆ ಬಿದ್ದುಕೊಂಡಿತ್ತಂತೆ. ಅದನ್ನು ಹಾಗೆ ಇಟ್ಟುಕೊಳ್ಳಲು ಸರ್ಕಾರವೇ ಬಾಡಿಗೆಯ ಹಾಗೆ ಏನೋ ಕೊಡುತ್ತದಂತೆ.

"ಮತ್ತೆ ಎಲ್ಲ ಮಿತಿ ತೆಗೆದು ಮಾರ್ಕೆಟಿಗೆ ಬಿಟ್ಟಿದ್ದಾರೆ ಅಂದಿದ್ರಲ್ಲ ನೀವು?" ಎಂದು ಹಾಜಿಯವರಿಗೆ ಕೇಳಿದೆ.

"ಎಲ್ಲ ಅಂದ್ರೆ ಎಲ್ಲ ಅಲ್ಲ ಬಾಯಮ್ಮ. ನೀವು ಬೆಣ್ಣೆ ನೋಡಿ."

ನಾನು ಪೆಟ್ಟಿಗೆ ಬಿಚ್ಚಿದೆ. ಬಣ್ಣ ಬಿಳಿಚಿಕೊಂಡಿತ್ತು. ಮೂಗಿನ ಹತ್ತಿರ ತಂದೆ. ಹುಳಿ. ಇನ್ನೊಂದು ಬಿಚ್ಚಿದೆ, ಅದೂ ಹುಳಿ. ನನಗೆ ಮೈ ಉರಿಯಿತು. ಗೋದಾಮಿನಲ್ಲಿ ಕೊಳೆತದ್ದನ್ನು ನಮ್ಮ ತಲೆಗೆ ಕಟ್ಟಲು ಬಂದಿದ್ದಾಳೆ ಎಂದುಕೊಂಡೆ. ನನ್ನ ಇಂಗ್ಲಿಷಿನಲ್ಲಿ, "ಮ್ಯಾಡಂ, ಆಲ್ ರಾಟನ್," ಎಂದು ಅವಳ ಮುಖಕ್ಕೇ ಹೇಳಿದೆ.

ಅವಳು ಕೆಂಪಾದಳು. ಒಂದು ತುಂಡು ಕಿತ್ತು ಬಾಯಿಗೆ ಹಾಕಿಕೊಂಡು ತಿಂದು ತೋರಿಸಿದಳು. ಏನೋ ಉದ್ದಕ್ಕೆ ಹೇಳಿದಳು. ನಾನು ಕೇಳಲಿಲ್ಲ. ಅವಳು ಹೋದ ಮೇಲೆ ಪೆಟ್ಟಿಗೆಗಳನ್ನು ಕೋಲ್ಡ್ ರೂಮಿನಿಂದ ಹೊರಗೆ ಹಾಕಿಸಿದೆ. ನಮ್ಮ ಒಳ್ಳೆಯ ಬೆಣ್ಣೆಗೆ ಇದರ ವಾಸನೆ ತಾಗುವುದು ಬೇಡ ಎಂದು. ದುಬೈಯ ಬಿಸಿಲು. ಮಧ್ಯಾಹ್ನದೊಳಗೆ ಪೆಟ್ಟಿಗೆಗಳ ಬುಡದಿಂದ ಬೆಣ್ಣೆ ಕರಗಿ ಸಿಮೆಂಟಿನ ಮೇಲೆ ಹರಿಯಿತು.

ಹಾಜಿಯವರು ಒಂದು ತುಂಡನ್ನು ಮೊದಲೇ ಆಫೀಸಿಗೆ ಒಯ್ದಿದ್ದರು. ಅದನ್ನು ಆವತ್ತೇ ಲ್ಯಾಬಿಗೆ ಕೊಟ್ಟರು. ಏನೂ ತೊಂದರೆ ಇಲ್ಲ, ಒಳ್ಳೆಯ ಬೆಣ್ಣೆ ಎಂದು ಸಂಜೆಗೇ ಬಂತು. ಅವರು ಶೆಡ್ಡಿಗೆ ಬಂದು ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ.

"ನಿಮ್ಮ ಮೂಗು ಹೋಯ್ತು ಬಾಯಮ್ಮ," ಎಂದರು. "ಇನ್ನು ಸುಮ್ನೆ ಹಠ ಮಾಡ್ಬೇಡಿ."

ಅವರು ಹೋದ ಮೇಲೆ ನೋಡುತ್ತೇನೆ, ನೇಪಾಳದವಳು ಹೊರಗೆ ಕೂತು ಪೆಟ್ಟಿಗೆಯ ಪ್ಲಾಸ್ಟಿಕ್ಕಿಗೆ ಅಂಟಿದ ಬೆಣ್ಣೆಯನ್ನು ಕೆರೆದು ರೊಟ್ಟಿಗೆ ಸವರಿ, ಉಪ್ಪು ಉದುರಿಸಿ ತಿನ್ನುತ್ತಿದ್ದಾಳೆ. ಅವಳು ಗಲ್ಫಿಗೆ ಬಂದು ಇನ್ನೂ ಒಂದು ವರ್ಷ. ಊರಿನಲ್ಲಿ ಎಮ್ಮೆ ಸಾಕಿದವಳು.

"ಏಯ್, ಹೊಟ್ಟೆ ಕೆಡ್ತದೆ!" ಎಂದು ನನ್ನ ಹಿಂದಿಯಲ್ಲಿ ಗದರಿಸಿದೆ.

"ಖರಾಬ್ ನಹೀ ದೀದಿ. ದಹೀ ಕಾ ಮಕ್ಖನ್ ಹೈ. ಹಮಾರೇ ಘರ್ ಜೈಸಾ," ಎಂದು ನನ್ನ ಕೈಗೂ ಒಂದು ತುಂಡು ರೊಟ್ಟಿ ಇಟ್ಟಳು.

ಮೊಸರಿನ ಬೆಣ್ಣೆ. ಬಾಯಿಗೆ ಹಾಕಿದೆ. ಹೌದು. ನನ್ನ ಅಮ್ಮ ಕಡೆಗೋಲಿನಲ್ಲಿ ಕಡೆದು ತೆಗೆಯುತ್ತಿದ್ದ ಬೆಣ್ಣೆಗೆ ಇದೇ ಹುಳಿ. ಹಾಲೆಂಡಿನ ಹೆಂಗಸು ಉದ್ದಕ್ಕೆ ಹೇಳಿದ್ದೂ ಅದನ್ನೇ ಎಂದು ಆಮೇಲೆ ಹಾಜಿಯವರಿಂದ ತಿಳಿಯಿತು. ಕೆನೆಯನ್ನು ಬೇಕೆಂದೇ ಹುಳಿ ಬರಿಸಿ ಬೆಣ್ಣೆ ಮಾಡುತ್ತಾರಂತೆ. ಇಪ್ಪತ್ತು ವರ್ಷಕ್ಕೂ ಮೇಲೆ ಪೆಟ್ಟಿಗೆಯ ಸಿಹಿ ಬೆಣ್ಣೆಯನ್ನೇ ಮೂಸಿ ಮೂಸಿ, ಹುಳಿ ಎಂದರೆ ಕೊಳೆತದ್ದು ಎಂದು ನನ್ನ ಮೂಗು ಕಲಿತುಬಿಟ್ಟಿತ್ತು. ತಪ್ಪು ಕಲಿತಿತ್ತು. ಅದಕ್ಕೆ ಅಳುತ್ತಾ ಕೂರುವ ಹೆಂಗಸು ನಾನಲ್ಲ. ಹಾಜಿಯವರಿಗೆ ಫೋನು ಮಾಡಿ, ಆ ಹೆಂಗಸನ್ನು ಇನ್ನೊಮ್ಮೆ ಕರೆಯಿರಿ ಎಂದೆ.

"ಯಾವ ಮುಖದಲ್ಲಿ ಕರೆಯುದು?"

"ನನ್ನ ಮುಖ ಉಂಟಲ್ಲ, ಅದರಲ್ಲಿ."

ಅವಳು ಬಂದಳು. ಸಾರಿ ಎಂದೆ. ಸಾರಿಯ ಜೊತೆಗೇ, ಕೋಲ್ಡ್ ಸ್ಟೋರಿನ ಹಳೇ ಬೆಣ್ಣೆಗೆ ಹೊಸ ಬೆಣ್ಣೆಯ ರೇಟು ಹೇಳಬೇಡ ಎಂದೂ ಹೇಳಿಸಿದೆ. ಅವಳು ನಕ್ಕು ಸ್ವಲ್ಪ ಇಳಿಸಿದಳು, ಕಾಯಿಸಿ ನೋಡಲು ಬೇರೆ ಪೆಟ್ಟಿಗೆಗಳನ್ನೂ ಕಳಿಸಿದಳು. ಕೊಳೆತದ್ದು ಎಂದು ನಾನು ಕೂಗಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಮೊದಲ ಸಲ ಕಾಯಿಸಿದ್ದು ಪೂರ್ತಿ ಹಾಳಾಯಿತು. ನ್ಯೂಜಿಲೆಂಡಿನದ್ದಕ್ಕೆ ಎಷ್ಟು ಹಾಕುತ್ತಿದ್ದೆನೋ ಅಷ್ಟೇ ಹಾಕಿ, ಅಷ್ಟೇ ಬೆಂಕಿ ಕೊಟ್ಟೆ. ಇದರ ನೊರೆಯೇ ಬೇರೆ. ಸೋಪಿನ ನೊರೆಯ ಹಾಗೆ ಎದ್ದು, ನಾನು ಸೌಟು ಹಿಡಿಯುವಷ್ಟರಲ್ಲಿ ಪಾತ್ರೆ ದಾಟಿ ಒಲೆಯ ಮೇಲೆ ಇಳಿಯಿತು. ಬೆಂಕಿ ಮೇಲೆದ್ದಿತು. ನೇಪಾಳದವಳು ಸಿಲಿಂಡರ್ ಬಂದ್ ಮಾಡಿದಳು, ನಾನು ಗೋಣಿ ನೆನೆಸಿ ಒಲೆಯ ಮೇಲೆ ಹಾಕಿದೆ. ಕೈಯ ರೋಮ ಹೋಯಿತು, ಕೈ ಉಳಿಯಿತು. ಪಾತ್ರೆಯಲ್ಲಿ ಉಳಿದದ್ದು ಕರಿ ಗಷ್ಟು.

ಎರಡನೇ ಸಲ ಊರಿನಲ್ಲಿ ಮಾಡುವ ಹಾಗೆ ಮಾಡಿದೆ. ಬೆಣ್ಣೆಯನ್ನು ತಣ್ಣೀರಿನಲ್ಲಿ ಮುಳುಗಿಸಿ ಕೈಯಲ್ಲಿ ಹಿಸುಕಿ ತೊಳೆಯುವುದು. ನೀರು ಬೆಳ್ಳಗಾದರೆ ಚೆಲ್ಲುವುದು, ಮತ್ತೆ ತೊಳೆಯುವುದು. ಮಜ್ಜಿಗೆಯ ಅಂಶ ಹೋದಷ್ಟೂ ನೊರೆ ಕಡಿಮೆ. ದುಬೈಯ ನಲ್ಲಿ ನೀರು ಮೇ ತಿಂಗಳಲ್ಲಿ ಕಾಯಿಸಿದ ಹಾಗೆ ಬರುತ್ತದೆ, ಅದರಲ್ಲಿ ತೊಳೆದರೆ ಬೆಣ್ಣೆಯೇ ಕರಗಿ ಹೋಗುತ್ತದೆ. ಐಸು ತರಿಸಿದೆ. ಐಸು ನೀರಿನಲ್ಲಿ ನಮ್ಮಿಬ್ಬರ ಬೆರಳೂ ಮರಗಟ್ಟಿದವು. ಪಾತ್ರೆಯಲ್ಲಿ ಜಾಗ ಬಿಟ್ಟು, ಸಣ್ಣ ಬೆಂಕಿಯಲ್ಲಿ ಇಟ್ಟೆ. ಚಟಪಟ ಸದ್ದು ನಿಂತಿತು, ಮೊದಲ ನೊರೆ ಇಳಿಯಿತು, ಎರಡನೇ ನೊರೆ ಸಣ್ಣಗೆ ಎದ್ದಿತು. ತಳ ಕೆಂಪಾಗುವ ಹೊತ್ತಿಗೆ ಒಂದು ಮುಷ್ಟಿ ನುಗ್ಗೆಸೊಪ್ಪು ಹಾಕಿ ಇಳಿಸಿದೆ. ಸೋಸಿದ ಮೇಲೆ ಪಾತ್ರೆಯನ್ನು ಕೋಲ್ಡ್ ರೂಮಿಗೆ ಒಯ್ಯಲಿಲ್ಲ. ಬೇಗ ತಣಿದರೆ ತುಪ್ಪ ಮುಲಾಮಿನ ಹಾಗೆ ಆಗುತ್ತದೆ. ಶೆಡ್ಡಿನ ಸೆಕೆಯಲ್ಲಿಯೇ ಮುಚ್ಚಿಟ್ಟೆ, ನಿಧಾನಕ್ಕೆ ಆರಲಿ ಎಂದು. ಮಾರನೇ ದಿನ ತೆಗೆದರೆ ರವೆಯ ಹಾಗೆ ಹರಳು ಕಟ್ಟಿತ್ತು. ಹುಳಿ ಎಲ್ಲಿಗೋ ಹೋಗಿತ್ತು. ಪರಿಮಳ ನಿಂತಿತ್ತು.

ಹಾಜಿಯವರು ಮೂಸಿದರು. ಬೆರಳು ನೆಕ್ಕಿದರು. ಮತ್ತೆ ಲೆಕ್ಕ ಹಾಕಿದರು. "ಡ್ರಮ್ಮಿಗಿಂತ ಸ್ವಲ್ಪ ಹೆಚ್ಚೇ ಬೀಳ್ತದೆ ಬಾಯಮ್ಮ."

"ಹತ್ತಿರ ಬಂದ್ರೆ ಸಾಕು ಅಂದಿದ್ರಿ."

"ಅಂದಿದ್ದೆ. ಗಿರಾಕಿಗೆ ವ್ಯತ್ಯಾಸ ಗೊತ್ತಾಗುದಾದ್ರೆ ಸರಿ. ಗೊತ್ತೇ ಆಗದಿದ್ರೆ ಹೆಚ್ಚು ಯಾಕೆ ಕೊಡ್ಬೇಕು? ನೀವೇ ಹೇಳಿ."

ಅದಕ್ಕೆ ನಾನೇ ಅಬುಧಾಬಿಗೆ ಹೊರಟೆ, ಡೆಲಿವರಿ ವ್ಯಾನಿನಲ್ಲಿ. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಊರಿನವರ ಒಂದು ಹೋಟೆಲು ಇತ್ತು. ನಮ್ಮ ತುಪ್ಪದ ದೊಡ್ಡ ಗಿರಾಕಿ. ಅಲ್ಲಿನ ಅಡುಗೆಯವರು ಕುಂದಾಪುರದವರು, ಘೀ ರೋಸ್ಟಿಗೆ ಹೆಸರು ಮಾಡಿದವರು. ಹಾಜಿಯವರು ಕಾರಿನಲ್ಲಿ ಬಂದರು. ಹೆಸರಿಲ್ಲದ ಎರಡು ಬಾಟಲಿ, ಒಂದು ಡ್ರಮ್ಮಿನದ್ದು ಒಂದು ನನ್ನದು, ಮುಂದಿಟ್ಟು, ಎರಡರಲ್ಲೂ ಕೋಳಿ ರೋಸ್ಟ್ ಮಾಡಿ ಎಂದರು. ಅಡುಗೆಯವರು ಮಾಡಿದರು. ನಾವು ಮೂವರೂ ತಿಂದೆವು.

ಹೇಳಲು ನನಗೆ ಇಷ್ಟ ಇಲ್ಲ, ಆದರೂ ಹೇಳುತ್ತೇನೆ. ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಬ್ಯಾಡಗಿ ಮೆಣಸು, ಹುಣಿಸೆಹುಳಿ, ಬೆಳ್ಳುಳ್ಳಿ ಇಷ್ಟು ಬಿದ್ದ ಮೇಲೆ ಯಾವ ತುಪ್ಪದ ಪರಿಮಳ ಏಳುತ್ತದೆ?

"ಸುಳ್ಳ್ ಹೇಳುಕಾತಿಲ್ಲೆ ಬಾಯಮ್ಮ," ಎಂದರು ಅಡುಗೆಯವರು. "ಮಸಾಲಿ ಒಳ್ಗ್ ಹೋಯ್ತ್ ಅಂದ್ರೆ ಮುಗೀತ್. ಎರಡೂ ಒಂದೇ. ಬಿಸಿ ಅನ್ನದ್ ಮೇಲ್ ಹಾಕೂಕಾರೆ ನಿಮ್ದೇ ಬೇಕ್, ಅದ್ ಬೇರೆ ಮಾತ್."

"ಅನ್ನದ ಮೇಲೆ ದಿನಕ್ಕೆ ಎಷ್ಟು ಹೋಗ್ತದೆ?" ಎಂದು ಹಾಜಿಯವರು ಕೇಳಿದರು.

"ಒಂದ್ ಬಾಟ್ಲಿ ಹೋದ್ರೆ ಹೆಚ್ಚ್."

ಹಾಜಿಯವರು ಕೈ ತೊಳೆದುಕೊಂಡು ಬಂದರು. ವಾಪಸು ನನ್ನನ್ನು ಅವರ ಕಾರಿನಲ್ಲೇ ಕೂರಿಸಿಕೊಂಡರು. ದುಬೈ ಹತ್ತಿರ ಬಂದಾಗ, "ನಾಳೆಯಿಂದ ಡ್ರಮ್ಮು," ಎಂದರು. "ಒಲೆ ಬಿಚ್ಚಿಸ್ತೇನೆ."

ಮಾರನೇ ಬೆಳಿಗ್ಗೆ ಅವರು ಗೋದಾಮಿನಿಂದ ಇಬ್ಬರು ಗಂಡಸರನ್ನು ಕರೆದುಕೊಂಡು ಬಂದರು. ಒಬ್ಬ ಡ್ರಮ್ಮಿಗೆ ಕರೆಂಟಿನ ಬಿಸಿ ಪಟ್ಟಿ ಸುತ್ತಿದ. ಇನ್ನೊಬ್ಬ ಬಾಟಲಿ ಸಾಲಾಗಿ ಇಟ್ಟ. ನಾನು ಒಂದು ಮೂಲೆಯಲ್ಲಿ ನಿಂತು ನೋಡಿದೆ. ನನಗೆ ಸಿಟ್ಟು ಬಂದದ್ದು ಡ್ರಮ್ಮಿನ ಮೇಲಲ್ಲ. ಡ್ರಮ್ಮು ತಾನು ತುಪ್ಪ ಎಂದು ಎಲ್ಲಿಯೂ ಹೇಳಿಕೊಂಡಿರಲಿಲ್ಲ. ಅದರ ಹೊಟ್ಟೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಅಚ್ಚು ಹಾಕಿದ್ದರು, ಬಟರ್ ಆಯಿಲ್ ಎಂದು ಗೋದಾಮಿನವನು ಓದಿ ಹೇಳಿದ. ಹಾಲೆಂಡಿನ ಹೆಂಗಸೂ ಹಾಗೇ ಹೇಳಿ ಮಾರಿದ್ದಳು. ಸುಳ್ಳು ಶುರುವಾಗುವುದು ನಮ್ಮ ಶೆಡ್ಡಿನಲ್ಲಿ, ನಮ್ಮ ಲೇಬಲ್ಲಿನಲ್ಲಿ. ರೋಸ್ಟಿಗೆ ಡ್ರಮ್ಮು ಸಾಕಾದರೆ ಡ್ರಮ್ಮೇ ಹಾಕಲಿ, ನನಗೇನು? ಅದನ್ನು ನನ್ನ ಕೆಲಸ ಎಂದು ಯಾಕೆ ಮಾರಬೇಕು?

ಬಾಟಲಿ ತುಂಬಿತು. ಲೇಬಲ್ ಬೇಕಾಯಿತು. ಲೇಬಲ್ಲಿನ ರಟ್ಟಿನ ಪೆಟ್ಟಿಗೆ ಗೋಡೆಯ ಪಕ್ಕ ಇತ್ತು. ಬಾಟಲಿ ಸಾಲು ಇಟ್ಟವನು ಅದರ ಕಡೆ ಎರಡು ಹೆಜ್ಜೆ ಇಡುವಷ್ಟರಲ್ಲಿ ನಾನು ಹೋಗಿ ಅದರ ಮೇಲೆ ಕೂತೆ. ಮೊದಲೇ ಯೋಚಿಸಿರಲಿಲ್ಲ. ಕಾಲು ನಡೆಯಿತು, ಕೂತೆ.

"ಏಳಿ ಬಾಯಮ್ಮ," ಎಂದರು ಹಾಜಿಯವರು.

"ಏಳುದಿಲ್ಲ."

"ಎಂತ ಇದು ಮಕ್ಕಳಾಟ?"

"ನಿಮ್ಮ ಡ್ರಮ್ಮು ಮಾರಿ. ಅದರ ಹೆಸರು ಹಾಕಿ ಮಾರಿ. ಈ ಲೇಬಲ್ಲು ಕಾಯಿಸಿದ್ದಕ್ಕೆ."

"ಲೇಬಲ್ಲು ನನ್ನದು. ಪೆಟ್ಟಿಗೆ ನನ್ನದು. ಶೆಡ್ಡೂ ನನ್ನದು."

"ಕೂತದ್ದು ನಾನು."

ಗೋದಾಮಿನ ಗಂಡಸರು ಮುಖ ಮುಖ ನೋಡಿಕೊಂಡರು. ಅಷ್ಟು ಪ್ರಾಯದ ಹೆಂಗಸನ್ನು ಕೈ ಹಿಡಿದು ಎಬ್ಬಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನೇಪಾಳದವಳು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬೇಡ, ನಿನ್ನ ವೀಸಾ ಹೊಸದು, ಏಳು ಎಂದೆ. ಅವಳು ಏಳಲಿಲ್ಲ.

"ಪೊಲೀಸ್ ಕರೀತೇನೆ," ಎಂದರು ಹಾಜಿಯವರು.

"ಕರೀರಿ. ಬಾಟ್ಲಿಯಲ್ಲಿ ಎಂತ ಉಂಟು, ಲೇಬಲ್ಲಿನಲ್ಲಿ ಎಂತ ಬರ್ದುಂಟು, ನಾನೇ ಹೇಳ್ತೇನೆ ಅವರಿಗೆ. ಅರಬ್ಬಿ ಬರುದಿಲ್ಲ ನನಗೆ. ತೋರಿಸ್ಲಿಕ್ಕೆ ಬೆರಳುಂಟು."

ಅವರ ಮುಖ ಗಟ್ಟಿಯಾಯಿತು. "ಇವತ್ತೇ ಕ್ಯಾನ್ಸಲ್ ಮಾಡ್ತೇನೆ ನಿಮ್ಮನ್ನು."

"ಮಾಡಿ. ಹೇಗೂ ರಂಜಾನ್ ಕಳೆದ ಮೇಲೆ ಮಾಡುದೇ ಅಲ್ವಾ? ಹೆದರ್ಲಿಕ್ಕೆ ನನ್ನ ಹತ್ತಿರ ನೀವು ಎಂತ ಉಳಿಸಿದ್ದೀರಿ?"

ಅವರು ಹೊರಗೆ ಹೋಗಿ ಕಾರಿನಲ್ಲಿ ಕೂತರು. ಎಷ್ಟು ಹೊತ್ತೋ ಗೊತ್ತಿಲ್ಲ. ಮಧ್ಯೆ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದರು. ನನ್ನ ಸೊಂಟ ನೋಯತೊಡಗಿತು. ಗೋದಾಮಿನವರು ಚಾ ತಂದು ಕೊಟ್ಟರು. ಕುಡಿದೆ. ಧರ್ಮದ ಮಾತು, ದೇವರ ಮಾತು ನಾನು ಒಂದೂ ಆಡಲಿಲ್ಲ. ಅವರ ದೇವರು ಅವರಿಗೆ ಗೊತ್ತು, ನನ್ನದು ನನಗೆ. ಇದು ತುಪ್ಪದ ಮಾತು.

ವಾಪಸು ಬಂದಾಗ ಅವರ ದನಿ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. "ಅಬುಧಾಬಿಯ ಅಡುಗೆಯವರು ಫೋನು ಮಾಡಿದ್ರು. ರೋಸ್ಟಿಗೆ ಅಗ್ಗದ್ದು ಕೊಡಿ, ಅನ್ನಕ್ಕೆ ಬಾಯಮ್ಮಂದು ಕೊಡಿ, ಎರಡನ್ನೂ ಬೇರೆ ಬೇರೆ ಗುರುತು ಹಾಕಿ ಕಳಿಸಿ ಅಂತಾರೆ. ಎಲ್ಲರೂ ಸೇರಿ ನನ್ನ ತಲೆ ತಿನ್ನಿ."

"ಹಾಕಿ ಕಳಿಸಿ ಮತ್ತೆ."

"ಹಾಗೆ ಮಾರಿದ್ರೆ ನನಗೆ ಎಂತ ಸಿಗ್ತದೆ? ಅಗ್ಗದ್ದನ್ನು ಅಗ್ಗಕ್ಕೇ ಮಾರ್ಬೇಕಾಗ್ತದೆ."

"ಹೌದು," ಎಂದೆ. "ಅಗ್ಗದ್ದನ್ನು ಅಗ್ಗಕ್ಕೇ ಮಾರ್ಬೇಕು."

ಅವರು ಗಂಡಸರಿಗೆ, ತುಂಬಿಸಿದ್ದನ್ನು ಲೇಬಲ್ ಇಲ್ಲದೆ ಬದಿಗಿಡಿ ಎಂದರು. ನನಗೆ, "ಒಂದು ಒಲೆ ಮಾತ್ರ. ಇನ್ನೊಂದು ಬಿಚ್ಚಿಸ್ತೇನೆ," ಎಂದರು.

"ಒಂದು ಸಾಕು. ಇವಳೂ ಇರ್ತಾಳೆ."

"ಇಬ್ಬರ ಸಂಬಳ ಒಂದು ಒಲೆಯಿಂದ ಹೇಗೆ ಹುಟ್ಟುದು?"

"ಬೆಣ್ಣೆ ತೊಳೀಲಿಕ್ಕೆ ನಾಲ್ಕು ಕೈ ಬೇಕು. ಬೇಕಾದ್ರೆ ನೀವು ಬಂದು ಐಸು ನೀರಿಗೆ ಕೈ ಹಾಕಿ ನೋಡಿ."

ಅವರು ಕಾರಿನ ಕೀ ಕೈಗೆ ತೆಗೆದುಕೊಂಡರು. ಅದೇ ಒಪ್ಪಿಗೆ ಎಂದು ನಾನು ಹಿಡಿದುಕೊಂಡೆ. ಡ್ರಮ್ಮಿನದ್ದಕ್ಕೆ ಹೊಸ ಲೇಬಲ್ ಯಾವಾಗ ಬರುತ್ತದೆ ಎಂದು ಕೇಳಿದೆ. ಪ್ರೆಸ್ಸಿನವನು ನಾಡಿದ್ದು ಕೊಡುತ್ತಾನೆ ಎಂದರು.

"ಹಾಗಾದ್ರೆ ನಾಡಿದ್ದಿನವರೆಗೆ ಇದು ನನ್ನ ರೂಮಿನಲ್ಲಿ ಇರ್ತದೆ," ಎಂದು ಎದ್ದು ಪೆಟ್ಟಿಗೆಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ.

"ನನ್ನ ಮೇಲೆ ನಂಬಿಕೆ ಇಲ್ವಾ ಬಾಯಮ್ಮ?"

"ಇಲ್ಲ," ಎಂದೆ.